ಇ, ಎಫ್, ಜಿ ಮತ್ತು ಹುಲುಗಪ್ಪನ ಎದೆ

ಹೆಸರು ಬರೆದು ಚೀಟಿ ಅಂಟಿಸಿಬಿಟ್ಟರೆ ವಸ್ತು ಹದ್ದುಬಸ್ತಿನಲ್ಲಿ ಇರುತ್ತದೆ ಎಂದು ನಂಬಿರುವ ಮನುಷ್ಯ ನಾನು. ಮನೆಯಲ್ಲಿ ಈ ನಂಬಿಕೆಗೆ ಕಾಸಿನ ಬೆಲೆಯಿಲ್ಲ. ಒಂದು ಭಾನುವಾರ ಪೂರ್ತಿ ಕೂತು ಅಡುಗೆಮನೆಯ ಡಬ್ಬಿಗಳಿಗೆಲ್ಲ ಸಕ್ಕರೆ, ರವೆ, ಹುರಿಗಡಲೆ ಎಂದು ಚೀಟಿ ಅಂಟಿಸಿದ್ದೆ. ಮುಂದಿನ ಭಾನುವಾರದ ಹೊತ್ತಿಗೆ ಸಕ್ಕರೆ ಡಬ್ಬಿಯಲ್ಲಿ ರವೆ, ರವೆ ಡಬ್ಬಿಯಲ್ಲಿ ಹುರಿಗಡಲೆ ಸೇರಿಕೊಂಡಿದ್ದವು. ನನ್ನ ಹೆಂಡತಿ ಮಾತ್ರ ಟಿವಿ ನೋಡುತ್ತಲೇ ಕೈ ಹಾಕಿ ಬೇಕಾದದ್ದನ್ನೇ ತೆಗೆಯುತ್ತಾಳೆ. ಚಹಾಕ್ಕೆ ರವೆ ಹಾಕಿಕೊಂಡು ಕುಡಿದವನು ನಾನೊಬ್ಬನೇ. ಅಂದಿನಿಂದ ನನ್ನ ಶಿಸ್ತನ್ನೆಲ್ಲ ಕೆಲಸದ ಜಾಗಕ್ಕೆ ಮೀಸಲಿಟ್ಟೆ.

ಕೆಲಸದ ಜಾಗ ಎಂದರೆ ಹೊಸಪೇಟೆಯ ಒಂದು ಸಣ್ಣ ಎಕ್ಸ್‌ರೇ ಕೇಂದ್ರ. ಯಜಮಾನಿಕೆ ಡಾಕ್ಟರಮ್ಮನವರದು, ಎಕ್ಸ್‌ರೇ ತೆಗೆಯುವ ಕೆಲಸ ಜಯಶ್ರೀ ಮೇಡಮ್ಮಿನದು. ನಾನು ಸೇರಿದ್ದು ಲೆಕ್ಕ ಬರೆಯಲಿಕ್ಕೆ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದೆ ನೋಡಿ, ಆವತ್ತಿನಿಂದ ಕಂಪ್ಯೂಟರಿಗೆ ಸಂಬಂಧಪಟ್ಟ ಸಕಲವೂ ನನ್ನ ತಲೆಗೆ ಬಂತು. ನನ್ನ ಮೇಜಿನ ಕೆಳಗೆ ಒಂದು ದೊಡ್ಡ ಕಪ್ಪು ಡಬ್ಬ ಕೂತಿದೆ. ಮಾರಿದವನು ಅದನ್ನು ಸರ್ವರ್ ಎಂದು ಕರೆದ, ನಾವೂ ಮರ್ಯಾದೆಯಿಂದ ಹಾಗೇ ಕರೆಯುತ್ತೇವೆ. ಅದರ ಹೊಟ್ಟೆ ಎಂದೋ ತುಂಬಿದ್ದರಿಂದ ಹೊರಗೆ ಮೂರು ಹಾರ್ಡ್ ಡಿಸ್ಕುಗಳನ್ನು ವೈರು ಹಾಕಿ ಜೋಡಿಸಿದ್ದೇನೆ. ಸರ್ವರ್ ಪರದೆಯ ಮೇಲೆ ಒಂದೊಂದು ಡಿಸ್ಕಿಗೂ ಒಂದೊಂದು ಇಂಗ್ಲಿಷ್ ಅಕ್ಷರದ ಹೆಸರು ಕೊಡುತ್ತದೆ. ಇ ಎಂದರೆ ರೋಗಿಗಳ ಹಳೆಯ ಎಕ್ಸ್‌ರೇಗಳು, ಎಫ್ ಎಂದರೆ ಲೆಕ್ಕಪತ್ರ, ಜಿ ಎಂದರೆ ಡಾಕ್ಟರಮ್ಮನವರ ಮನೆಯ ಫೋಟೋಗಳು. ಮೂರರ ಮೇಲೂ ಆಯಾ ಅಕ್ಷರ ಬರೆದು, ಮೇಲೆ ಟೇಪ್ ಸುತ್ತಿ, ಅಲ್ಲಾಡದ ಹಾಗೆ ಅಂಟಿಸಿದ್ದೇನೆ. ಡಬ್ಬಿಗಳ ಸೇಡನ್ನು ಡಿಸ್ಕುಗಳ ಮೇಲೆ ತೀರಿಸಿಕೊಂಡಿದ್ದೇನೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಹೀಗಿರುವಾಗ ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಎಂದರೆ ಆಯುಧಕ್ಕೆ ಮಾತ್ರ ಮಾಡುವುದಲ್ಲ. ಅದಿರು ಲಾರಿಯಿಂದ ಹಿಡಿದು ಸ್ಟೇಪ್ಲರಿನವರೆಗೆ ಅನ್ನ ಕೊಡುವ ವಸ್ತುಗಳೆಲ್ಲ ಸ್ನಾನ ಮಾಡಲೇಬೇಕು. ಜಯಶ್ರೀ ಮೇಡಂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಕ್ಸ್‌ರೇ ಯಂತ್ರಕ್ಕೆ ಸೇವಂತಿ ಮಾಲೆ ಬಿತ್ತು, ಸರ್ವರಿಗೆ ಬಾಳೆಕಂದು ಬಂತು. ಡಿಸ್ಕುಗಳನ್ನು ಬಿಚ್ಚಿ, ಒರೆಸಿ, ದೇವಿಯ ಪಟದ ಮುಂದೆ ಮಣೆಯ ಮೇಲೆ ಕೂರಿಸಿದರು. ವೈರು ಬಿಚ್ಚಿಕೊಟ್ಟವನು ನಾನೇ. ವಿಭೂತಿ ಬಳಿಯುವಾಗ ಟೇಪಿನ ಮೇಲೆ ಬೀಳದಂತೆ ನೋಡಿಕೊಂಡವನೂ ನಾನೇ. ಸರ್ವರಿನಲ್ಲಿ ದೇವಿಯ ಹಾಡು ಹಾಕಲು ಮೇಡಂ ಮನೆಯಿಂದ ಒಂದು ಪೆನ್‌ಡ್ರೈವ್ ತಂದಿದ್ದರು. ಕುಂಬಳಕಾಯಿ ಒಡೆದು, ಮಂಡಕ್ಕಿ ಹಂಚಿ, ಡಿಸ್ಕುಗಳಿಗೆ ಮತ್ತೆ ವೈರು ಸಿಕ್ಕಿಸಿ, ಎಲ್ಲ ಬಂದ್ ಮಾಡಿ ಸಂತೃಪ್ತಿಯಿಂದ ಮನೆಗೆ ಹೋದೆವು.

ರಜೆ ಮುಗಿದು ಬಾಗಿಲು ತೆರೆದ ಬೆಳಿಗ್ಗೆ ಮೊದಲು ಬಂದವರು ಯಶವಂತನಗರದ ಹುಲುಗಪ್ಪ ಮತ್ತು ಅವರ ಹೆಂಡತಿ ಗಂಗಮ್ಮ. ಹುಲುಗಪ್ಪ ಗಣಿಯಲ್ಲಿ ಲಾರಿ ಓಡಿಸುವವರು. ಕೆಮ್ಮು ಬಿಡಲಿಲ್ಲವೆಂದು ಹೊಸ ಎಕ್ಸ್‌ರೇ ತೆಗೆಸಿದರೆ ಬಲಗಡೆ ಎದೆಯಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ ಕಂಡಿತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಲವು ವರ್ಷಗಳ ಹಿಂದೆ ಹುಲುಗಪ್ಪ ಇಲ್ಲಿಯೇ ಒಂದು ಎಕ್ಸ್‌ರೇ ತೆಗೆಸಿದ್ದರು. ಅದರಲ್ಲೂ ಇಷ್ಟೇ ದೊಡ್ಡ ಚುಕ್ಕೆ ಇದ್ದರೆ ಅದು ಹಳೆಯ ಗಾಯದ ಕಲೆ, ಹೆದರಬೇಕಿಲ್ಲ. ಆಗ ಇಲ್ಲದೆ ಈಗ ಬಂದಿದ್ದರೆ ತಡಮಾಡದೆ ಬಳ್ಳಾರಿಗೆ ಹೋಗಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಬೇಕು ಎಂದರು.

ಹಳೆಯ ಫಿಲ್ಮು ಮನೆಯಲ್ಲಿ ಇದೆಯೇ ಎಂದು ಕೇಳಿದರು. ಗಂಗಮ್ಮ ತಲೆ ತಗ್ಗಿಸಿ ಹೇಳಿದ್ದು ಇಷ್ಟು: ಸೂರ್ಯಗ್ರಹಣದ ದಿನ ಓಣಿಯವರೆಲ್ಲ ಅದರಲ್ಲೇ ಸೂರ್ಯನನ್ನು ನೋಡಿದರಂತೆ. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋದ ಹುಲುಗಪ್ಪನ ಎದೆ ಮರಳಿ ಮನೆಗೆ ಬರಲಿಲ್ಲವಂತೆ. ಡಾಕ್ಟರಮ್ಮ ಹಾಗೆ ಸೂರ್ಯನನ್ನು ನೋಡುವುದು ಕಣ್ಣಿಗೆ ಎಷ್ಟು ಕೆಟ್ಟದ್ದೆಂದು ಬೈದು, ನನ್ನ ಕಡೆ ತಿರುಗಿದರು. ನಾನು ಎದೆ ಉಬ್ಬಿಸಿ, “ನಮ್ಮಲ್ಲಿ ಐತ್ರಿ, ಇ ಒಳಗ ಭದ್ರ ಐತಿ. ಕುಂದ್ರಿ,” ಎಂದೆ.

ಸರ್ವರ್ ಚಾಲೂ ಮಾಡಿದೆ. ಹುಲುಗಪ್ಪನ ಹೆಸರು ಹೊಡೆದೆ. ಅಂಥ ರೋಗಿಯೇ ಇಲ್ಲ ಎಂದಿತು. ಬೇರೆ ಹೆಸರು ಹೊಡೆದೆ. ಯಾವ ರೋಗಿಯೂ ಇಲ್ಲ, ಹೊಸದಾಗಿ ಶುರುಮಾಡೋಣವೇ ಎಂದು ಬಹಳ ವಿನಯದಿಂದ ಕೇಳಿತು. ಇಷ್ಟು ವರ್ಷಗಳ ಹೊಸಪೇಟೆ, ಸಂಡೂರು, ಕಂಪ್ಲಿಯ ಮೂಳೆಗಳನ್ನೆಲ್ಲ ಒಂದೇ ಮಾತಿನಲ್ಲಿ ಇಲ್ಲವೆಂದ ಆ ವಿನಯವನ್ನು ನಾನು ಎರಡೆರಡು ಸಲ ಓದಿದೆ. ಹಿಂದೆ ನಿಂತಿದ್ದ ಮೇಡಂ, ಹೂಂ ಅಂದುಬಿಡಿ, ಮುಂದಕ್ಕೆ ಹೋಗಬಹುದು ಎಂದರು. ನಾನು ಅವರ ಕೈಗೆ ಎಟುಕದ ಹಾಗೆ ಮೌಸನ್ನು ಎಳೆದುಕೊಂಡೆ.

ಇ ತೆರೆದು ನೋಡಿದರೆ ಒಳಗೆ ಬರೀ ದೇವಿಯ ಹಾಡುಗಳು. ವೈರಿನ ದೋಷ ಎಂದುಕೊಂಡು ಎಲ್ಲ ವೈರುಗಳನ್ನು ಕಿತ್ತು, ಅದಲು ಬದಲು ಸಿಕ್ಕಿಸಿ, ಸರ್ವರನ್ನು ಮತ್ತೆ ಬಂದ್ ಮಾಡಿ ಚಾಲೂ ಮಾಡಿದೆ. ಏನೂ ತೋಚದಿದ್ದಾಗ ಬಂದ್ ಮಾಡಿ ಚಾಲೂ ಮಾಡುವುದು ನಮ್ಮ ವೃತ್ತಿಯ ಏಕೈಕ ವಿದ್ಯೆ. ಅಷ್ಟರಲ್ಲಿ ಹುಲುಗಪ್ಪ ದಂಪತಿಗಳು ಕುರ್ಚಿಯಿಂದ ಎದ್ದು ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದರು. ಇ ತೆರೆದೆ, ಮೊದಲ ಚಿತ್ರ ಒತ್ತಿದೆ. ಪರದೆಯ ತುಂಬ ಡಾಕ್ಟರಮ್ಮನವರ ಯಜಮಾನರು ಬಂದರು. ಹಂಪಿಯ ಹೊಳೆಯಲ್ಲಿ ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ತೆರೆದು, ಕಣ್ಣು ಮೇಲಕ್ಕೆ ತಿರುಗಿಸಿಕೊಂಡು ಕೂತಿದ್ದಾರೆ.

ಗಂಗಮ್ಮ ತಮ್ಮ ದುಃಖವನ್ನು ಅರೆಗಳಿಗೆ ಮರೆತು ಕೇಳಿದರು, “ಪಾಪ, ಇವ್ರಿಗೇನಾಗೈತ್ರಿ?”

ಹುಲುಗಪ್ಪನ ಕಣ್ಣು ಮಾತ್ರ ಬೇರೆಡೆ ಇತ್ತು. ಅವರು ಪರದೆಯನ್ನು ನೋಡುತ್ತಿರಲಿಲ್ಲ, ಪಕ್ಕಕ್ಕೆ ಬಾಗಿ ನನ್ನ ಮುಖ ನೋಡುತ್ತಿದ್ದರು. ಘಾಟಿನ ತಿರುವಿನಲ್ಲಿ ದಿನಾ ಲಾರಿ ಇಳಿಸುವ ಮನುಷ್ಯ, ಎದುರಿನವನು ಹೆದರಿದ್ದಾನೋ ಇಲ್ಲವೋ ಎಂದು ಬಲ್ಲವರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ನಾನು ಕಳೆದದ್ದು ಎಕ್ಸ್‌ರೇ ಅಲ್ಲ, ಈ ಮನುಷ್ಯನ ನಿದ್ದೆ ಅನ್ನಿಸಿತು. ಹೊರಗೆ ಹೋಗಿ ನಲ್ಲಿಯ ನೀರಿನಲ್ಲಿ ಮುಖ ತೊಳೆದು ಬಂದು, ಮೊದಲ ಬಾರಿಗೆ ಚೀಟಿ ನೋಡುವುದನ್ನು ಬಿಟ್ಟು ಸರ್ವರ್ ಏನು ಹೇಳುತ್ತಿದೆ ಎಂದು ಓದಿದೆ.

ಆಮೇಲೆ ತಿಳಿದದ್ದು ಇಷ್ಟೇ. ನಾನು ಟೇಪ್ ಸುತ್ತಿದ ಅಕ್ಷರಕ್ಕೂ ಸರ್ವರ್ ಕೊಡುವ ಅಕ್ಷರಕ್ಕೂ ಯಾವ ನಂಟೂ ಇಲ್ಲ. ಹಬ್ಬದ ದಿನ ಸಂಡೂರು ಬಸ್ಸಿಗೆ ಜನ ಹತ್ತಿದ ಹಾಗೆ, ಮೊದಲು ಹತ್ತಿದವರಿಗೆ ಮೊದಲ ಸೀಟು. ಎಕ್ಸ್‌ರೇಗಳ ಡಿಸ್ಕು ದೊಡ್ಡದು, ಅದಕ್ಕೆ ಬೇರೆ ಕರೆಂಟು ಬೇಕು, ಮೈಮುರಿದು ಏಳುವಷ್ಟರಲ್ಲಿ ಬಸ್ಸು ತುಂಬಿರುತ್ತದೆ. ಪೂಜೆಯ ಪೆನ್‌ಡ್ರೈವನ್ನು ಯಾರೂ ತೆಗೆದಿರಲಿಲ್ಲ. ಅದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತಿ ಇ ಎಂಬ ಸೀಟಿನಲ್ಲಿ ಕೂತಿತ್ತು. ನಾನು ವೈರು ಕಿತ್ತು ಮತ್ತೆ ಹಾಕಿದಾಗ ಎಲ್ಲರೂ ಎದ್ದು ಬೇರೆ ಬೇರೆ ಕಡೆ ಕೂತರು, ಇ ಎಂಬ ಸೀಟು ಫೋಟೋಗಳ ಡಿಸ್ಕಿಗೆ ಸಿಕ್ಕಿತು. ನಮ್ಮ ಎಕ್ಸ್‌ರೇಗಳು ಒಂದೂ ಹಾಳಾಗದೆ ಎಚ್ ಎಂಬ ಮೂಲೆಯಲ್ಲಿ ತೆಪ್ಪಗೆ ಕೂತಿದ್ದವು.

ಹಾಗಾದರೆ ಟವೆಲ್ ಹಾಕಿ ಸೀಟು ಹಿಡಿಯುವ ವ್ಯವಸ್ಥೆ ಇರಲೇಬೇಕಲ್ಲ? ಇತ್ತು. ಡಿಸ್ಕುಗಳ ಉಸ್ತುವಾರಿ ನೋಡುವ ಒಂದು ಕಿಟಕಿ ಸರ್ವರಿನೊಳಗೇ ಇದೆ. ಅಲ್ಲಿ ಒಂದೊಂದು ಡಿಸ್ಕನ್ನೂ ಗಾತ್ರ ನೋಡಿ ಗುರುತು ಹಿಡಿದು, ಇದಕ್ಕೆ ಇನ್ನು ಮೇಲೆ ಇದೇ ಅಕ್ಷರ ಎಂದು ಕಾಯಂ ಮಾಡಬಹುದು. ದಾರಿಹೋಕ ಪೆನ್‌ಡ್ರೈವ್‌ಗಳೆಲ್ಲ ಮುಂದಿನ ಸಾಲಿನ ಅಕ್ಷರಗಳಿಗೇ ಮುಗಿಬೀಳುವುದರಿಂದ, ಯಾರೂ ಬಾರದಷ್ಟು ಹಿಂದಿನ ಸಾಲಿನ ಪಿ, ಕ್ಯೂ, ಆರ್ ಅಕ್ಷರಗಳನ್ನು ಕೊಟ್ಟೆ. ಇನ್ನು ಮೇಲೆ ಎಕ್ಸ್‌ರೇಗಳನ್ನು ಪಿ ಒಳಗೆ ಹುಡುಕು ಎಂದು ಸರ್ವರಿಗೆ ಹೇಳಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಪಿ ಪಿಯಾಗಿಯೇ ಉಳಿಯಿತು. ಹುಲುಗಪ್ಪನ ಹೆಸರು ಹೊಡೆದೆ, ಪಕ್ಕೆಲುಬುಗಳೆಲ್ಲ ಸಾಲಾಗಿ ಬಂದು ನಿಂತವು.

ಡಾಕ್ಟರಮ್ಮ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಅಳತೆ ಹಾಕಿ, ಮತ್ತೊಮ್ಮೆ ಅಳತೆ ಹಾಕಿದರು. ಗಂಗಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. “ಅಲ್ಲೇ ಐತಿ, ಅಷ್ಟೇ ಐತಿ,” ಎಂದರು ಡಾಕ್ಟರಮ್ಮ. “ಹಳೇ ಕಲೆ. ಕೆಮ್ಮಿಗೆ ಔಷಧ ಕೊಡ್ತೀನಿ. ಮುಂದಿನ ವರ್ಷ ಬಂದು ಇನ್ನೊಂದು ಫೋಟೋ ತೆಗಿಸ್ರಿ, ಇದರ ಜೊತಿ ಇಟ್ಟು ನೋಡೋಣ.”

ಗಂಗಮ್ಮ ಅತ್ತರು. ಹುಲುಗಪ್ಪ ಅಳಲಿಲ್ಲ, ನನ್ನ ಮೇಜಿನ ಹತ್ತಿರ ಬಂದು ನಿಂತರು. ಧನ್ಯವಾದ ಹೇಳುತ್ತಾರೆಂದು ನಾನು ಸಂಕೋಚದ ಮುಖ ಸಿದ್ಧಮಾಡಿಕೊಂಡೆ.

“ಮುಂದಿನ ವರ್ಷ ನಾವು ಬಂದ ದಿನ ನೀವು ರಜಾ ಇದ್ರ ಹೆಂಗ್ರಿ?”

ನಾನಿಲ್ಲದೆ ಇಲ್ಲಿ ಏನೂ ಸಿಗುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ಡಾಕ್ಟರಮ್ಮ ಅದನ್ನು ನಂಬಿ, ಕಂಪ್ಲಿಯಲ್ಲಿ ನನ್ನ ನಾದಿನಿಯ ಮದುವೆಯಾದಾಗಲೂ ಊಟದ ಹೊತ್ತಿಗೆ ಮಾತ್ರ ಬಿಟ್ಟಿದ್ದರು. ಅದೇ ಹೆಮ್ಮೆ ಈ ಮನುಷ್ಯನಿಗೆ ಘಾಟಿನ ತಿರುವಿನಲ್ಲಿ ಬ್ರೇಕು ಹತ್ತದ ಲಾರಿಯ ಹಾಗೆ ಕಂಡಿತ್ತು. ಅವರ ಎದುರಿಗೇ ಜಯಶ್ರೀ ಮೇಡಮ್ಮನ್ನು ಕರೆದು ಕುರ್ಚಿ ಬಿಟ್ಟುಕೊಟ್ಟೆ. ಅಕ್ಷರ ಕಾಯಂ ಮಾಡುವುದು, ಡಿಸ್ಕು ಗುರುತು ಹಿಡಿಯುವುದು, ಹಳೆಯ ಎಕ್ಸ್‌ರೇ ಹುಡುಕುವುದು, ಎಲ್ಲ ತೋರಿಸಿದೆ. ಇಡೀ ದಿನ ಬೇಕಾದೀತು ಎಂದುಕೊಂಡಿದ್ದೆ. ತರಿಸಿದ ಚಹಾ ಆರುವ ಮೊದಲೇ ಮೇಡಂ ಕಲಿತುಬಿಟ್ಟರು. ಇಷ್ಟೇನ್ರಿ ಎಂದು ಬೇರೆ ಕೇಳಿದರು. ಹುಲುಗಪ್ಪ ಆಗ ಮೊದಲ ಸಲ ನಕ್ಕು, ಹೆಂಡತಿಯನ್ನು ಕರೆದುಕೊಂಡು ಬಸ್ಸಿಗೆ ಹೋದರು.

ಕಳೆದ ವಾರ ನಾನು ಅಳುಕುತ್ತಲೇ ಹೋಗಿ ರಜೆ ಕೇಳಿದೆ. ಡಾಕ್ಟರಮ್ಮ ತಲೆಯೆತ್ತದೆ ಹೂಂ ಅಂದರು. ಎಷ್ಟು ದಿನ ಎಂದು ಕೂಡ ಕೇಳಲಿಲ್ಲ.