ಯಾರ ಮೊಳ?

ಮಂಚ, ಬೀರು ಮಾಡುವ ಕಾರ್ಖಾನೆಯ ಪ್ರೋಗ್ರಾಮರನಿಗೆ ಅಂದು ಬೆಳಿಗ್ಗೆ ಎರಡಕ್ಷರದ ಒಂದು ಪದ ವಕ್ಕರಿಸಿತು.

ಹೋದ ತಿಂಗಳು ಮರ ಕೊಯ್ಯುವ ಯಂತ್ರ ನಡೆಸುವ ಅವನ ಪ್ರೋಗ್ರಾಂ ಇಂಚನ್ನು ಸೆಂಟಿಮೀಟರ್ ಎಂದುಕೊಂಡು, ಗೊಂಬೆಯ ಬಟ್ಟೆಗಷ್ಟೇ ಸಾಲುವ ಬೀರು ಕತ್ತರಿಸಿಕೊಟ್ಟಿತ್ತು. "ಇನ್ನೊಂದು ಸಲ ಅಳತೆ ತಪ್ಪಿದ್ರೆ, ಹೋಗಿ ಗೇಟ್ ಕಾಯಿ" ಎಂದಿದ್ದರು ಯಜಮಾನರು. ಹೆದರಿದವನು ಪ್ರೋಗ್ರಾಮನ್ನೇ ಹೊಸದಾಗಿ ಬರೆದ. ಈಗ ಪ್ರತಿ ಅಂಕಿಯೂ ತಾನು ಇಂಚೋ ಸೆಂಟಿಮೀಟರೋ ಎಂಬ ಟೈಪನ್ನು ಕೊರಳಿಗೆ ಕಟ್ಟಿಕೊಂಡೇ ಒಳಗೆ ಬರಬೇಕು. ಇಂಚಿಗೆ ಸೆಂಟಿಮೀಟರ್ ಕೂಡಿಸಲು ಹೋದರೆ ಪ್ರೋಗ್ರಾಂ ಮುನಿದ ಅತ್ತೆಯಂತೆ ಕೂತುಬಿಡುತ್ತಿತ್ತು, ಕಂಪೈಲ್ ಆಗಿ ಓಡುತ್ತಲೇ ಇರಲಿಲ್ಲ.

ಅಂದು ಯಜಮಾನರ ತಾಯಿ ಫೋನಿನಲ್ಲಿ ಆರ್ಡರ್ ಕೊಟ್ಟರು. ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲದ ಮಂಚ, ಸಂಜೆಯೊಳಗೆ ಬೇಕು.

ಮೊಳ ಎಂಬ ಟೈಪೇ ಇಲ್ಲವೆಂದು ಪರದೆ ತುಂಬ ಕೆಂಪು ಗೆರೆ.

ಪ್ಯಾಕಿಂಗ್ ಅಕ್ಕ ಮೇಜಿನ ಮೇಲೆ ಮೊಣಕೈ ಊರಿದಳು. "ಮೊಳ ಅಂದ್ರೆ ಮೊಳ ಕಣೋ. ಇದನ್ನೇ ಬರ್ಕೊ." ಪಾಲಿಶ್ ಮಾಮನ ಕೈ ಅದಕ್ಕಿಂತ ಮೂರು ಬೆರಳು ಉದ್ದ ಬಂತು. ಲಾರಿ ಡ್ರೈವರ್ ತನ್ನ ಉಗುರನ್ನೂ ಸೇರಿಸಬೇಕೆಂದು ಹಟ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಪ್ರೋಗ್ರಾಮಿನಲ್ಲಿ ಅಕ್ಕಮೊಳ, ಮಾಮಮೊಳ, ಉಗುರುಮೊಳ ಎಂಬ ಮೂರು ಟೈಪುಗಳು, ಒಂದಕ್ಕೊಂದು ಮಾತಿಲ್ಲ.

ಕೊನೆಗೆ ಅವನು ಟೇಪು ಹಿಡಿದು ಯಜಮಾನರ ಮನೆಗೇ ಓಡಿದ. ಒಂದು ಮೊಳ ತೋರಿಸಬೇಕೆಂದು ಅಮ್ಮನನ್ನು ಬೇಡಿಕೊಂಡ.

"ಬಳೆ ತರ್ತೀಯೇನಪ್ಪ?" ಎನ್ನುತ್ತ ಅವರು ಖುಷಿಯಿಂದ ಕೈ ಚಾಚಿದರು. ಸರಿಯಾಗಿ ನಲವತ್ತು ಸೆಂಟಿಮೀಟರ್.

ಅಮ್ಮಮೊಳ ಎಂದು ಬರೆದದ್ದೇ ತಡ, ಪ್ರೋಗ್ರಾಂ ಚಕಾರವೆತ್ತದೆ ಕಂಪೈಲ್ ಆಯಿತು. ಅಕ್ಕ, ಮಾಮ, ಡ್ರೈವರ್ ಮೂವರೂ ಅದು ತಮ್ಮ ಕೈಗುಣವೆಂದರು.

ಸಂಜೆ ಅಮ್ಮನನ್ನು ಕರೆದುಕೊಂಡು ಯಜಮಾನರು ಬಂದರು. ದೀಪದ ಕಂಬದಷ್ಟು ಎತ್ತರದ ಆಳು ಅವರು. ಅಂಗಳದಲ್ಲಿಟ್ಟಿದ್ದ ಮಂಚ ನೋಡಿ, ಅಮ್ಮ ಕಾರಿನಿಂದ ಇಳಿಯುವ ಮೊದಲೇ ತಾವೇ ಹೋಗಿ ಮಲಗಿಬಿಟ್ಟರು. ಪಾದಗಳೆರಡೂ ಮಂಚದಾಚೆ ಗಾಳಿಯಲ್ಲಿ ತೇಲಿದವು.

"ನನ್ನ ಮಂಚಾನ ಇದು?"

ಪ್ರೋಗ್ರಾಮರ ಜೇಬಿನಿಂದ ಟೇಪು ಎಳೆದು ತೋರಿಸಿದ. "ಸಾರ್, ಅಮ್ಮನ ಮೊಳ ನಲವತ್ತೇ ಸೆಂಟಿಮೀಟರ್. ನಾನೇ ಅಳೆದೆ."

"ಫೋನಲ್ಲಿ ಹೇಳಿದ್ದು ನಾನಪ್ಪ" ಎಂದರು ಅಮ್ಮ, ನಿಧಾನವಾಗಿ ಇಳಿಯುತ್ತ. "ಕೋಣೇಲಿ ಮಂಚದ ಜಾಗಕ್ಕೆ ಕೈಯಿಟ್ಟು ಮೊಳ ಹಾಕಿದ್ದು ಇವನಲ್ವಾ."

ಯಜಮಾನರು ಮಲಗಿದಲ್ಲಿಂದಲೇ ಕೈ ಚಾಚಿದರು. ಮೊಣಕೈಯಿಂದ ಬೆರಳ ತುದಿಗೆ ಐವತ್ತು ಸೆಂಟಿಮೀಟರಿಗೆ ಕಮ್ಮಿಯಿರಲಿಲ್ಲ. ಬೆರಳು ಗೇಟು ತೋರಿಸುತ್ತಿತ್ತು.