ಮೀಸೆ ಬೋಳಿಸಿದ ಸವತಿ

ನಮ್ಮ ಯಜಮಾನರಿಗೆ ಇಬ್ಬರು ಹೆಂಡಿರು. ಹಿರಿಯಳು ನಾನು. ಕಿರಿಯಳಿಗೆ ಮೀಸೆ ಇತ್ತು!

ಗಾಬರಿಯಾಗಬೇಡಿ. ನಾಟಕ ಹತ್ತಿರ ಬಂದರೆ ಬೋಳಿಸಿಕೊಳ್ಳೋಳು, ಮುಗಿದ ಮೇಲೆ ಮತ್ತೆ ಬಿಡೋಳು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಟೈಲರು ಅವನು. ನಮ್ಮವರ ನಾಟಕದ ಗುಂಪಿನಲ್ಲಿ ಹೆಣ್ಣು ಪಾರ್ಟೆಲ್ಲ ಅವನದೇ, ಗಂಡು ಪಾರ್ಟಲ್ಲಿ ಮೊದಲನೇದು ನಮ್ಮವರದು. ನಮ್ಮವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಕಲಿಸಿದ್ದು. ಅತ್ತೆ ಹೋದರೂ ಅಭ್ಯಾಸ ಹೋಗಿಲ್ಲ.

ಎಂಥ ಮನುಷ್ಯ ಅಂತೀರಿ? ಮನೆಯಲ್ಲಿ ಒಂದು ಜೊತೆ ಎತ್ತು ಇದ್ದವು, ನಾನಿದ್ದೆ. ಮಾತೆಲ್ಲ ಎತ್ತಿನ ಜೊತೆ! ಚನ್ನರಾಯಪಟ್ಟಣದಿಂದ ನಾನು ಮದುವೆಯಾಗಿ ಬಂದು ಆರು ವರ್ಷ ಆಗಿತ್ತು. ಆ ಆರು ವರ್ಷದಲ್ಲಿ "ಸಾರು ಚೆಂದಾಗದೆ" ಅಂತ ಎರಡು ಸಲ ಅಂದಿದ್ದರು. ಅದರಲ್ಲೂ ಒಂದು ಸಲದ ಸಾರು ಪಕ್ಕದ ಮನೆಯದು.

ಇಂಥ ಮೂಕಬಸವ ಸ್ಟೇಜು ಹತ್ತಿದರೆ ನೋಡಬೇಕಿತ್ತು! ಆ ವರ್ಷ ಆಡಿದ್ದು ನಗೆನಾಟಕ. ಒಬ್ಬ ಜಮೀನ್ದಾರ. ಮನೆಯಲ್ಲಿ ಚಿನ್ನದಂಥ ಹೆಂಡತಿ ಇದ್ದರೂ ಅವನಿಗೆ ಕೆಲಸದವಳ ಮೇಲೆ ಕಣ್ಣು. ಇದು ಗೊತ್ತಾದ ಹೆಂಡತಿ ತಾನೇ ಕೆಲಸದವಳ ಹಾಗೆ ಸೀರೆ ಉಟ್ಟು, ಮುಖಕ್ಕೆ ಮುಸುಕೆಳೆದುಕೊಂಡು ತೋಟದಲ್ಲಿ ಕಾಯ್ತಾ ನಿಲ್ತಾಳೆ. ಈ ಪೆದ್ದ ಬಂದು ಮಂಡಿಯೂರಿ, "ಪ್ರಾಣಕಾಂತೆ! ನಿನ್ನನ್ನು ನೋಡದ ಕಣ್ಣು ಇದ್ದರೆಷ್ಟು, ಬಿಟ್ಟರೆಷ್ಟು!" ಅಂತ ಸ್ವಂತ ಹೆಂಡತಿಗೇ ಪ್ರೇಮ ಸುರಿಸ್ತಾನೆ. ಜನ ಬಿದ್ದು ಬಿದ್ದು ನಗೋರು. ನನ್ನ ಬಾಯಲ್ಲಿ ಮಾತ್ರ ಒಂದು ಹಲ್ಲೂ ಕಾಣಿಸಲಿಲ್ಲ. ಮಂಡಿಯೂರಿದವರು ನನ್ನ ಗಂಡ, ಊರಿಸಿಕೊಂಡವನು ಟೈಲರು!

ಇನ್ನೊಂದು ಸಂಕಟ ಕೇಳಿ. ಆ ಮಾತುಗಳನ್ನು ಬರೆದುಕೊಟ್ಟವಳು ನಾನೇ. ನಮ್ಮವರ ಅಕ್ಷರ ಕೋಳಿ ಕೆದರಿದ ಹಾಗೆ, ಬರೆದದ್ದು ಅವರಿಗೇ ತಿಳಿಯದು. ನಾನು ಮಿಡ್ಲ್ ಸ್ಕೂಲು ಮುಗಿಸಿದವಳು. ನಾಟಕ ಕಲಿಸೋ ಹಾರ್ಮೋನಿಯಂ ಮೇಷ್ಟ್ರ ಪುಸ್ತಕ ನೋಡಿ ಪ್ರತಿ ನಾಟಕಕ್ಕೂ ಇವರ ಪಾರ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಡೋದು ನನ್ನ ಪಾಲಿನ ಕೆಲಸ. ಒಪ್ಪಿಸಿಕೊಳ್ಳೋದೂ ನಾನೇ. ಆಗಲಾದರೂ ನನ್ನ ಕಡೆ ನೋಡಬಾರದೆ? ಕಂಬ ನೋಡಿಕೊಂಡು ಶುರು ಮಾಡೋರು. "ಪ್ರಾಣಕಾಂತೆ, ನಿನ್ನನ್ನು ನೋಡದ ಕಣ್ಣು... ಲೇ, ಎತ್ತಿಗೆ ನೀರ್ ಕುಡಿಸಿದ್ಯಾ?"

"ಕುಡಿಸಿದೀನಿ. ನನ್ನ ಮುಖ ನೋಡಿ ಹೇಳಬಾರ್ದಾ ಒಂದ್ಸಲ?"

"ಸುಮ್ಕಿರು, ನಗು ಬತ್ತದೆ."

ನಗು ಬರೋ ಅಂಥ ಮುಖ ಏನಿತ್ತು ನನ್ನದು? ಕನ್ನಡಿ ತೆಗೆದು ನೋಡಿಕೊಂಡೆ. ಟೈಲರ್‌ಗಿಂತ ಸಾವಿರ ಪಾಲು ವಾಸಿ ಇತ್ತು!

ಅರಕಲಗೂಡಿನಲ್ಲಿ ನಾಟಕ ಗೊತ್ತಾಯಿತು. ಆಗೆಲ್ಲ ಪಾತ್ರಕ್ಕೆ ಬೇಕಾದ ಸೀರೆ ಒಡವೆ ಆಡೋರ ಮನೆಗಳಿಂದಲೇ ಹೋಗಬೇಕಿತ್ತು. ನನ್ನ ಗುಲಾಬಿ ರೇಷ್ಮೆ ಸೀರೆಯೇ ಆಗಬೇಕು ಅಂತ ಇವರು ಪಟ್ಟು ಹಿಡಿದರು. ಸೀರೆ, ಅದರ ರವಿಕೆ ಎರಡನ್ನೂ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಗಂಡ ಹೆಂಡತಿ ಒಂದಾಗೋ ಕೊನೇ ಸೀನಿಗೆ ಟೈಲರು ಅದನ್ನು ಉಟ್ಟು ಸ್ಟೇಜಿಗೆ ಬಂದ. ಇವರು ಅವನ ಚೌರಿಗೆ ಮಲ್ಲಿಗೆ ಮುಡಿಸಿದರು. ನನ್ನ ಪಕ್ಕ ಕೂತಿದ್ದ ಹೆಂಗಸು ಸುಮ್ಮನಿರಬಾರದೆ? "ಆ ಸೀರೆ ಅವ್ಳಿಗೆ ಏನ್ ಒಪ್ತದೆ ನೋಡಕ್ಕಾ!" ಅಂದಳು. ಮರುದಿನ ಟೈಲರು ಸೀರೆ ವಾಪಸು ತಂದು, "ಅಕ್ಕಾ, ನಿಮ್ ರವಿಕೆ ನಂಗೆ ಬಿಗಿ ಬಂತು. ಒಂದೊಂದು ಹೊಲಿಗೆ ಬಿಚ್ಚಿವ್ನಿ, ಮುಂದ್ಲ ನಾಟ್ಕಕ್ಕೂ ಆಯ್ತದೆ" ಅಂತ ಹಲ್ಲು ಕಿಸಿದ. ನನ್ನ ರವಿಕೆ ಅವನ ಅಳತೆಗೆ! ಇನ್ನು ಉಳಿದಿದ್ದು ತಾಳಿ ಒಂದೇ.

ಆವತ್ತೇ ತೀರ್ಮಾನ ಮಾಡಿದೆ. ನಾಟಕದ ಹೆಂಡತಿ ವೇಷ ಹಾಕಿ ಗಂಡನ ಮನಸ್ಸು ತಿಳಿದುಕೊಂಡಳಲ್ಲವೆ? ನಾನೂ ಹಾಕ್ತೀನಿ ಅಂತ ಕಾಗದ ಬರೆಯೋಕೆ ಕೂತೆ. ಅಕ್ಷರ ಪತ್ತೆಯಾಗಬಾರದು ಅಂತ ಬಲಗಡೆಗೆ ವಾಲಿಸಿ ವಾಲಿಸಿ ಬರೆದೆ. "ಅರಕಲಗೂಡಿನಲ್ಲಿ ತಮ್ಮ ಪಾರ್ಟು ನೋಡಿದ ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ. ಆ ಮಾತುಗಳನ್ನು ತಾವು ಮನಸ್ಸಿನಲ್ಲಿ ಯಾರಿಗೆ ಹೇಳುತ್ತೀರಿ? ಮರುಟಪಾಲಿನಲ್ಲಿ ತಿಳಿಸಬೇಕು. ಇಂತಿ, ಪುಷ್ಪಲತಾ." ಆಗ ನಮ್ಮ ಕಡೆ ಪುಷ್ಪಲತಾ ಅನ್ನೋ ಹೆಸರು ಹಸುವಿಗೂ ಇರಲಿಲ್ಲ!

ಅರಕಲಗೂಡಿನಿಂದ ಬಳೆ ಮಲಾರ ಹೊತ್ತು ಬರುತ್ತಿದ್ದ ಬಳೆಗಾರ್ತಿಯನ್ನು ಒಳಗೆ ಹಾಕಿಕೊಂಡೆ. ಕಾಗದವನ್ನು ಅವಳ ಊರಲ್ಲಿ ಟಪಾಲಿಗೆ ಹಾಕಬೇಕು, ಕಾಗದದಲ್ಲಿ ಕೊಟ್ಟ ವಿಳಾಸದಂತೆ ಉತ್ತರ ಅವಳ ಮನೆಗೆ ಬರಬೇಕು, ಅವಳು ಅದನ್ನು ನನಗೆ ತಂದುಕೊಡಬೇಕು. "ಅಯ್ಯೋ ನನ್ನವ್ವಾ, ನಿಮ್ಮನೆ ಗೌಡ್ರಿಗೆ ಗೊತ್ತಾದ್ರೆ ನನ್ ಮಲಾರ ಉಳ್ದಾತಾ?" ಅಂದಳು. ಎರಡು ಡಜನ್ನು ಗಾಜಿನ ಬಳೆ ಜಾಸ್ತಿ ತೊಟ್ಟುಕೊಂಡ ಮೇಲೆ ಒಪ್ಪಿದಳು.

ಮೂರನೇ ದಿನ ಕಾಗದ ಬಂತು. ನಮ್ಮವರು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಒಡೆದು ನನ್ನ ಕೈಗೇ ಕೊಡಬೇಕೆ! "ಕಣ್ಗೆ ತೌಡು ಬಿದ್ದದೆ. ಓದು ನೀನೇಯ."

ಓದಿದೆ. ನಾನೇ ಬರೆದದ್ದನ್ನು ನಾನೇ ತಡವರಿಸಿ ಓದಿದೆ.

"ಇನ್ನೊಂದ್ ಕಿತ ಓದು" ಅಂದರು. ಓದಿದೆ. "ಏನ್ ಚೆಂದಾಗಿ ಬರ್ದವಳೆ ಅಂತೀನಿ! ಭಾಳ ಬುದ್ವಂತೆ ಇರ್ಬೇಕು ಕಣೆ."

ಸಾರು ಬಿಟ್ಟರೆ ಆರು ವರ್ಷದಲ್ಲಿ ಮೊದಲನೇ ಹೊಗಳಿಕೆ, ಅದೂ ಪುಷ್ಪಲತಾಗೆ! ಬರೆದವಳೂ ನಾನೇ, ಹೊಟ್ಟೆ ಉರಿದವಳೂ ನಾನೇ. ಇಂಥ ಅವಸ್ಥೆ ಬೇರೆ ಯಾವ ಹೆಂಗಸಿಗಾದರೂ ಬಂದಿದ್ದೀತೆ?

"ಉತ್ರ ಬರಿ, ಯೋಳ್ತೀನಿ" ಅಂತ ಜಗಲಿ ಮೇಲೆ ಚಕ್ಕಳಮಕ್ಕಳ ಹಾಕಿದರು. "ತಮ್ಮ ಕಾಗ್ದ ತಲುಪ್ತು. ಈ ಕಡೆ ಎಲ್ಲ ಕ್ಷೇಮ. ಮಳೆ ಪರ್ವಾಗಿಲ್ಲ..."

"ಮಳೆ ಕಟ್ಟಿಕೊಂಡು ಅವಳಿಗೇನು? ಕೇಳಿದ್ದಕ್ಕೆ ಉತ್ತರ ಹೇಳಿ."

"ಏನ್ ಕೇಳವಳೆ?"

"ಅದೇ, ಆ ಮಾತು ಮನಸ್ಸಲ್ಲಿ ಯಾರಿಗೆ ಹೇಳ್ತೀರಿ ಅಂತ."

ತಲೆ ಕೆರೆದುಕೊಂಡರು. "ಅದ್ಕೆ ಜಾಗ ಬಿಡು. ನಾನೇ ಬರ್ಕತೀನಿ."

ಜಾಗ ಬಿಡೋದಂತೆ! ಅರ್ಧ ಹಾಳೆ ಜಾಗ! ಹೆಂಡತಿಗೆ ಗೊತ್ತಾಗಬಾರದಂಥ ಗುಟ್ಟು, ಕಂಡಿಲ್ಲದ ಹೆಂಗಸಿಗೆ! ಅಕ್ಷರ ಬರೆಯೋಕೆ ಅಷ್ಟು ಕಷ್ಟಪಡೋ ಮನುಷ್ಯ, ಅವಳಿಗಾಗಿ ಪೆನ್ಸಿಲ್ಲು ಹಿಡಿದುಬಿಟ್ಟರಲ್ಲ ಅಂತ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಆ ಅರ್ಧ ಹಾಳೆ ತುಂಬಿಸೋಕೆ ಇವರಿಗೆ ಮೂರು ದಿನ ಹಿಡಿಯಿತು, ಆಮೇಲೆ ಇವರೇ ಹೋಗಿ ಟಪಾಲಿಗೆ ಹಾಕಿ ಬಂದರು. ನಾನು ಜಾಗ ಬಿಟ್ಟ ದಿನವೇ ಸಾರಿಗೆ ಉಪ್ಪು ಹಾಕೋದೂ ಬಿಟ್ಟಿದ್ದೆ. ಮಹಾರಾಯರು ತುಟಿಪಿಟಕ್ ಅನ್ನದೆ ಮುದ್ದೆ ನುಂಗಿ ಏಳೋರು. ಅವಳನ್ನೇ ನೆನೆಸಿಕೊಂಡು ಉಣ್ತಾ ಇದ್ದಾರೆ, ರುಚಿ ಎಲ್ಲಿ ತಿಳಿದೀತು ಅಂತ ನನಗೆ ಇನ್ನಷ್ಟು ಉರಿ. ಇಲ್ಲದ ಹೆಂಗಸನ್ನು ಶಪಿಸಿ ಶಪಿಸಿ ನನ್ನ ಬಾಯಿ ಒಣಗಿತು.

ಎಂಟನೇ ದಿನ ಬಳೆಗಾರ್ತಿ ಬಂದಳು. ಸೆರಗಿನಿಂದ ಕವರು ತೆಗೆದು, "ತಗೋ ನಿನ್ ಸವತಿ ಕಾಗ್ದ" ಅಂದಳು. ಹಿತ್ತಿಲಿಗೆ ಓಡಿ ಒಡೆದೆ. ಮೇಲುಗಡೆ ನನ್ನ ಅಕ್ಷರದಲ್ಲಿ ಮಳೆ, ಕ್ಷೇಮ. ಕೆಳಗೆ ಬಿಟ್ಟ ಜಾಗದ ತುಂಬ ಕೋಳಿ ಕೆದರಿತ್ತು. ಕೂಡಿಸಿ ಕೂಡಿಸಿ ಓದಿದೆ.

"ನೀನೇ ಬರ್ದಿದ್ದು ಅಂತ ಕವರ್ ನೋಡ್ದಾಗ್ಲೆ ಗೊತ್ತಾಯ್ತು. ನಿನ್ ಅಕ್ಸರ ನೋಡ್ಕಂಡೇ ಎಲ್ಲಾ ಪಾರ್ಟು ಕಲ್ತವ್ನು, ನಂಗೆ ತಿಳಿಯಾಕಿಲ್ವಾ. ಟೈಲರ್ ಮಕದಾಗೆ ಏನದೆ. ಅವ್ನ ಹೆಗಲ ಮ್ಯಾಲಿಂದ ನೀನು ಹೆಂಗಸ್ರ ಸಾಲಲ್ಲಿ ಕುಂತಿರದು ಕಾಣ್ತದೆ. ನಿನ್ನೇ ನೋಡ್ಕಂಡು ಯೋಳೋದು. ಮನೇಲಿ ಹತ್ರ ಇದ್ರೆ ನಾಚ್ಕೆ ಆಯ್ತದೆ. ನಾಳಿಂದ ಸಾರಿಗೆ ಉಪ್ಪು ಹಾಕು."

ಬಳೆಗಾರ್ತಿ ಹಿಂದೆಯೇ ಬಂದು ನಿಂತಿದ್ದಳು. "ಏನಂತವ್ವಾ, ಕೆಟ್ ಸುದ್ದಿಯಾ? ಅಂಗ್ಯಾಕೆ ಅಳ್ತೀಯಾ?" ಅಂದಳು. ಏನು ಹೇಳಲಿ ಅವಳಿಗೆ? ಒಂದು ಸೇರು ರಾಗಿ ಕೊಟ್ಟು ಕಳಿಸಿದೆ.

ಸಾಯಂಕಾಲ ಇವರು ಗದ್ದೆಯಿಂದ ಬಂದರು. ಕಾಲು ತೊಳೆಯೋಕೆ ಚೊಂಬು ಕೊಟ್ಟೆ. ಅವರು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ನೀರು ಬಿಡ್ತಾ ಇದ್ದರು. ಎದೆ ಗಟ್ಟಿ ಮಾಡಿಕೊಂಡು ಕೇಳೇಬಿಟ್ಟೆ.

"ಏನೂಂದ್ರೆ, ನಾನಂದ್ರೆ ಇಷ್ಟಾನಾ ನಿಮಗೆ?"

ಚೊಂಬು ಖಾಲಿಯಾಗಿತ್ತು. ಆದರೂ ಬಗ್ಗಿಸಿಕೊಂಡೇ ನಿಂತಿದ್ದರು. ಆಮೇಲೆ ತಲೆ ಎತ್ತಿ, ನನ್ನ ಮುಖವನ್ನೇ ನೋಡಿ, "ಊಂ" ಅಂದರು.

ಅಷ್ಟೇ. ಯಾವ ಮೇಷ್ಟ್ರೂ ಹೇಳಿಕೊಟ್ಟಿದ್ದಲ್ಲ, ಸ್ವಂತ ಮಾತು.