ಗುಂಯ್ ಎನ್ನುವ ಡಬ್ಬಿ

ಹೆದರುವವರ ಮೇಲೆ ಹಾವು ಎಸೆದ ಹಾಗೆ ಅಂತ ಒಂದು ಮಾತುಂಟು. ನನ್ನ ಮೇಲೆ ಬಿದ್ದದ್ದು ರೆಕಾರ್ಡ್ ಪ್ಲೇಯರ್. ನಾನು ಹುಟ್ಟಾ ಪುಕ್ಕಲ. ಡೊಂಬಿವಲಿಯಲ್ಲಿ ಇಷ್ಟು ವರ್ಷ ಇದ್ದರೂ ಹೊರಟ ಲೋಕಲ್ ರೈಲು ಹತ್ತಿದವನಲ್ಲ, ಮಿಕ್ಸಿಯ ಸ್ವಿಚ್ಚನ್ನೂ ಒಣ ಬಟ್ಟೆ ಹಿಡಿದು ಒತ್ತುವವ. ಇಂಥವನಿಗೇ ಇಂಥದ್ದೆಲ್ಲ ಗಂಟು ಬೀಳುತ್ತಾ ಇರುತ್ತದೆ.

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಕಲ್ಯಾಣದಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ದಿನಾ ಬೆಳಿಗ್ಗೆ ದುಡ್ಡಿನ ಗಲ್ಲೆಯ ಹಿಂದಿನ ಪ್ಲೇಯರಿನಲ್ಲಿ ಒಂದು ಭಕ್ತಿಗೀತೆಯ ರೆಕಾರ್ಡು ಹಾಕಿಯೇ ಶಟರ್ ಎತ್ತುವುದು. ಅತ್ತೆ ತೀರಿಕೊಂಡ ಮೇಲೆ ಹೋಟೆಲು ಬಿಟ್ಟು ನೆರೂಲಿನಲ್ಲಿ ಮಗನ ಮನೆ ಸೇರಿದರು. ಪ್ಲೇಯರನ್ನು ನಮ್ಮಲ್ಲಿ ತಂದಿಟ್ಟು, "ಇದರ ಆಂಪ್ಲಿಫೈಯರ್ ಕೆಟ್ಟಿದೆ. ನೀವು ಏನಾದರೂ ಮಾಡಿ. ನವರಾತ್ರಿಗೆ ಬರ್ತೇನೆ. ಅವಳು ಹೋದ ಮೇಲೆ ಆ ರೆಕಾರ್ಡು ಕೇಳಲೇ ಇಲ್ಲ, ಒಮ್ಮೆ ಕೇಳಬೇಕು. ನಿಮ್ಮಿಂದ ಆಗದಿದ್ದರೆ ಖಾರ್‌ಘರ್‌ಗೆ ಕೊಡುವ" ಎಂದರು.

ಖಾರ್‌ಘರ್ ಎಂದರೆ ನನ್ನ ಷಡ್ಡಕ, ಮಾವನ ದೊಡ್ಡ ಅಳಿಯ. ಎಲ್ಲ ಗೊತ್ತಿರುವ ಮನುಷ್ಯ. ನನ್ನ ಹೆಂಡತಿ ಆ ಹೋಟೆಲಿನ ಅಡುಗೆಮನೆಯಲ್ಲೇ ಆಡಿ ಬೆಳೆದವಳು. "ಅದು ಈ ಮನೆ ಬಿಟ್ಟು ಹೋಗಬಾರದು ಮಾರಾಯ್ರೆ" ಎಂದಳು ಮೆತ್ತಗೆ. ಮಾವ ಬೈಯುವವರಲ್ಲ, ಬೇಸರವಾದರೆ ಸುಮ್ಮನಾಗಿಬಿಡುತ್ತಾರೆ. ನನಗೆ ಅದಕ್ಕೇ ಹೆಚ್ಚು ಹೆದರಿಕೆ.

ಸೂಜಿಯ ಸವಾರಿ

ಒಂದು ಹೊಸ ಆಂಪ್ಲಿಫೈಯರ್ ತಂದು ಪ್ಲೇಯರಿಗೆ ಜೋಡಿಸಿದೆ. ಸೊಳ್ಳೆ ಹಾಡಿದ ಹಾಗೆ ಕೇಳಿತು. ನಾನೇ ಏನೋ ಸುಟ್ಟೆ ಎಂದು ಪ್ಲಗ್ಗು ಕಿತ್ತೆ. ಮಗಳು ಮೊಬೈಲಿನಲ್ಲಿ ಹುಡುಕಿ, "ಪಪ್ಪಾ, ಫೋನೋ ಸ್ಟೇಜ್ ಚಾಹಿಯೇ" ಎಂದಳು. ಸೂಜಿಯಿಂದ ಬರುವ ಸದ್ದು ತೀರಾ ಬಡಕಲು, ಅದಕ್ಕೆ ಬಲ ಕೊಡಲು ಮಧ್ಯೆ ಒಂದು ಡಬ್ಬಿ ಬೇಕಂತೆ. ಸಾವಿರಕ್ಕೂ ಉಂಟು, ಲಕ್ಷಕ್ಕೂ ಉಂಟು. ಲಕ್ಷ ಎಂದದ್ದು ಕೇಳಿ ನಾನು ಅಲ್ಲೇ ಕುಳಿತೆ.

ಉಲ್ಹಾಸನಗರದ ಅಂಗಡಿಯವ ಫೋನಿನಲ್ಲಿ, ನಿಮ್ಮದು ಎಂಥ ಸೂಜಿ ಅಂತ ನೋಡದೆ ಡಬ್ಬಿ ಹೇಳಲಾಗದು, ತನ್ನಿ ಎಂದ. ಸೂಜಿಯ ತಲೆಯನ್ನು ಬಿಚ್ಚಿ, ಊಟದ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ತುಂಬಿಸಿ ಮಲಗಿಸಿದೆ. ಆಫೀಸು ಬಿಟ್ಟು ಥಾಣೆಯಿಂದ ಸಂಜೆಯ ಲೋಕಲ್. ಆ ಗರ್ದಿಯಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಯಾರಾದರೂ ತಾಗಿದರೆ ಕಣ್ಣು ಮುಚ್ಚಿಕೊಂಡು ನಿಂತೆ. ಬೆವರು ಇಳಿಯುತ್ತಿತ್ತು. ಸೂಜಿ ಮುರಿದರೆ ಮಾವನ ಮುಖ ಹೇಗೆ ನೋಡಲಿ ಎಂಬ ಒಂದೇ ಯೋಚನೆ.

ಎದುರು ಕುಳಿತಿದ್ದ ಒಬ್ಬ ಗೃಹಸ್ಥರು ನನ್ನ ಮುಖ, ಎದೆ ಒತ್ತಿದ ಕೈ ನೋಡಿ ಎದ್ದರು. "ಬಸಾ ಕಾಕಾ, ಬಸಾ." ಇನ್ನೊಬ್ಬರು ನೀರು ಕೊಟ್ಟರು, ಮತ್ತೊಬ್ಬರು ಕಿಟಕಿಯ ಕಡೆ ಜಾಗ ಬಿಡಿಸಿದರು. ಉಲ್ಹಾಸನಗರದಲ್ಲಿ ನನ್ನನ್ನು ಹಿಡಿದೇ ಇಳಿಸಿದರು.

ಆಮೇಲೆ ಒಮ್ಮೆ ಕೂರುವ ಆಸೆಗೆ ಖಾಲಿ ಡಬ್ಬಿಯನ್ನು ಹಾಗೇ ಹಿಡಿದು ನಿಂತು ನೋಡಿದೆ. ಯಾರೂ ಏಳಲಿಲ್ಲ. ಸೀಟು ಸಿಗಬೇಕಾದರೆ ಹೆದರಿಕೆ ಅಸಲಿ ಇರಬೇಕು.

ವಾಚ್‌ಮನ್‌ಗೆ ಶಾಬಾಸ್

ಉಲ್ಹಾಸನಗರದವ ಕೊಟ್ಟ ಡಬ್ಬಿ ಎಲ್ಲಕ್ಕಿಂತ ಅಗ್ಗದ್ದು, ಸಾಬೂನು ಪೆಟ್ಟಿಗೆಯಷ್ಟು. ಜೋಡಿಸಿ ಸ್ವಿಚ್ ಒತ್ತಿದೆ. ಹಾಡು ಹಾಕುವ ಮೊದಲೇ ಗುಂಯ್ ಅಂತ ಶುರುವಾಯಿತು. ಹಾಡಿನ ಹಿಂದೆಯೂ ಗುಂಯ್, ಹಾಡು ಮುಗಿದರೂ ಗುಂಯ್. ಹೊಗೆ ಬರುತ್ತದೋ ಎಂದು ಮೂಸಿ ನೋಡಿದೆ.

ಅಷ್ಟರಲ್ಲಿ ಬೆಲ್ಲು. ಸೊಸೈಟಿಯ ಸೆಕ್ರೆಟರಿ. ನಮ್ಮ ಬಿಲ್ಡಿಂಗಿನಲ್ಲಿ ನೀರಿನ ಪಂಪು ಹೆಚ್ಚು ಹೊತ್ತು ಓಡಿದರೆ ಅವರಿಗೆ ತಮ್ಮ ರಕ್ತವೇ ಹರಿದುಹೋದ ಹಾಗೆ. ಆ ಸದ್ದು ಕೇಳಿ, ಪಂಪು ಯಾರು ಬಂದ್ ಮಾಡದೆ ಬಿಟ್ಟರು ಎಂದು ಮರಾಠಿಯಲ್ಲಿ ಗುಡುಗುತ್ತಾ, ಫೋನಿನಲ್ಲಿ ವಾಚ್‌ಮನ್‌ನನ್ನು ಕೆಳಗೆ ಓಡಿಸುತ್ತಾ ಬಾಗಿಲಲ್ಲೇ ನಿಂತರು. ಹಿಂದಿನಿಂದ ಹೆಂಡತಿ ಮೆಲ್ಲಗೆ ಡಬ್ಬಿಯ ಸ್ವಿಚ್ ಆರಿಸಿದಳು.

ಗುಂಯ್ ನಿಂತಿತು. ಸೆಕ್ರೆಟರಿಯ ಮುಖ ಅರಳಿತು. "ಶಾಬಾಸ್" ಎಂದರು ಫೋನಿನಲ್ಲಿ. ವಾಚ್‌ಮನ್ ಇನ್ನೂ ಮೆಟ್ಟಿಲು ಇಳಿಯುತ್ತಿದ್ದ. ಆ ದೀಪಾವಳಿಗೆ ಅವನಿಗೆ ಮಿಠಾಯಿ ಪೆಟ್ಟಿಗೆ ಸ್ವಲ್ಪ ದೊಡ್ಡದೇ ಸಿಕ್ಕಿತು.

ಡಬಲ್ ಒಳ್ಳೆಯದು

ಅಗ್ಗದ್ದರ ಹಣೆಬರಹವೇ ಇಷ್ಟು ಎಂದು ವಾಶಿಯ ಅಂಗಡಿಯಿಂದ ಸ್ವಲ್ಪ ಮೇಲಿನದ್ದನ್ನು ತಂದೆ. ಅದೂ ಗುಂಯ್, ಆದರೆ ಸ್ವಲ್ಪ ಮರ್ಯಾದೆಯಿಂದ. ನವರಾತ್ರಿ ಹತ್ತಿರ ಬರುತ್ತಿತ್ತು. ರಾಯರಿಗೆ ಹರಕೆ ಹೇಳಿಕೊಂಡು, ಬೇರೆ ದಾರಿ ಕಾಣದೆ, ಆ ಡಬ್ಬಿಯನ್ನು ಷಡ್ಡಕನ ಮನೆಗೇ ಹೊತ್ತುಕೊಂಡು ಹೋದೆ. ಅವರಲ್ಲಿ ಹೊಸ ಪ್ಲೇಯರು, ಅಲಮಾರಿನಷ್ಟು ದೊಡ್ಡ ಸ್ಪೀಕರುಗಳು.

"ಡಬ್ಬಿಯ ಕೆಲಸ ಮಾಡುವ ಸಾಮಾನು ನನ್ನ ಆಂಪ್ಲಿಫೈಯರಿನ ಒಳಗೇ ಉಂಟು. ನಿಮ್ಮದನ್ನೂ ಅದಕ್ಕೇ ಸೇರಿಸುವ. ಡಬಲ್ ಆದರೆ ಡಬಲ್ ಒಳ್ಳೆಯದು" ಎಂದರು.

"ಬೇಡ ಭಾವ, ಏನಾದರೂ ಆದೀತು" ಎಂದೆ.

"ನೀವೊಬ್ಬರು. ಹೆದರುವುದು ಬಿಟ್ಟು ಬೇರೇನು ಗೊತ್ತುಂಟು ನಿಮಗೆ?"

ಸೂಜಿ ಇಳಿಯಿತು. ಹಾಡಲ್ಲ ಅದು, ಗುಡ್ಡ ಜರಿದ ಸದ್ದು. ಶೋಕೇಸಿನ ಗಾಜು ನಡುಗಿತು. ನಾನು ಮೊದಲೇ ಹೆದರಿ ಬಾಗಿಲ ಹತ್ತಿರ ನಿಂತಿದ್ದರಿಂದ ಬಚಾವ್. ಬಾಗಿಲ ಪಕ್ಕದ ಸ್ವಿಚ್ ಆರಿಸಿ ಒಳಗೆ ನೋಡಿದರೆ ಷಡ್ಡಕ ಸೋಫಾದ ಹಿಂದೆ, ಅವರ ನಾಯಿ ಸೋಫಾದ ಮೇಲೆ.

ಎದ್ದು ಪ್ಯಾಂಟು ಕೊಡವಿಕೊಂಡು, "ಡಬ್ಬಿಯದ್ದೇ ತಪ್ಪು. ಮಾವನ ಪ್ಲೇಯರನ್ನು ಇಲ್ಲಿಗೇ ತನ್ನಿ" ಎಂದರು. ಡಬ್ಬಿ ತೆಗೆದ ಕೂಡಲೇ ಅವರ ಪ್ಲೇಯರು ಚಂದ ಹಾಡಿತು, ಗುಂಯ್ ಇಲ್ಲ. ಮಾವನ ಪ್ಲೇಯರು ಕೈಬಿಟ್ಟಿತು ಎಂದುಕೊಂಡೆ. ಆದರೆ ಹೊರಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಪ್ಲೇಯರಿನಿಂದ ತೆಳ್ಳಗಿನ ಒಂದು ಹಸಿರು ವಯರು ಹೊರಟು ಆಂಪ್ಲಿಫೈಯರಿನ ಸ್ಕ್ರೂಗೆ ಸಿಕ್ಕಿತ್ತು. ನಮ್ಮದರಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಬಂದು ಪ್ಲೇಯರನ್ನು ಎತ್ತಿ ನೋಡಿದರೆ, ಉಂಟು. ಸುರುಳಿ ಸುತ್ತಿ, ಕಪ್ಪು ಟೇಪು ಹಾಕಿ, ಅಡಿಗೆ ಅಂಟಿಸಿ ಇಟ್ಟಿತ್ತು. ಅರ್ಥಿಂಗ್ ವಯರು. ಇಡೀ ಮನೆಯ ಮೇನ್ ಸ್ವಿಚ್ ಆರಿಸಿ, ರಬ್ಬರ್ ಚಪ್ಪಲಿ ಹಾಕಿ, ಮಣೆಯ ಮೇಲೆ ನಿಂತು ಅದನ್ನು ಡಬ್ಬಿಯ ಸ್ಕ್ರೂಗೆ ಸೇರಿಸಿದೆ. ಗುಂಯ್ ಮಾಯ. ನೀರು ಕುಡಿದ ಹಾಗೆ ಹಾಡು. ಹೆಂಡತಿ ಕಣ್ಣು ಒರೆಸಿಕೊಂಡಳು. ನನ್ನ ಜನ್ಮದಲ್ಲಿ ಮೊದಲ ಸಲ ನನಗೆ ಹೆದರಿಕೆಯೇ ಇರಲಿಲ್ಲ.

ಮೊದಲ ಗಿರಾಕಿ

ನವರಾತ್ರಿಯ ಬೆಳಿಗ್ಗೆ ಮಾವ ಬಂದರು. ಬಿಳಿ ಪಂಚೆ, ಇಸ್ತ್ರಿಯ ಅಂಗಿ, ಹೋಟೆಲಿನ ಗಲ್ಲೆಗೆ ಹೊರಟವರ ಹಾಗೆ. ನಾನು ರೆಕಾರ್ಡು ಹಾಕಿದೆ. ಹಾಡು ಶುರುವಾಗಿ ಮುಗಿಯಿತು. ಮಾವ ಸುಮ್ಮನೆ ಕುಳಿತಿದ್ದರು. ಮುಗಿದ ಮೇಲೂ ಸುಮ್ಮನೆ.

"ಇದು ನಮ್ಮದಲ್ಲ" ಎಂದರು ಕಡೆಗೆ.

"ಪ್ಲೇಯರೂ ಅದೇ, ರೆಕಾರ್ಡೂ ಅದೇ ಮಾವ."

"ಹಾಡಿಗೆ ಮೊದಲು ಒಂದು ಸದ್ದು ಬರ್ತಿತ್ತು, ಗುಂಯ್ ಅಂತ. ಅದನ್ನು ಎಂತ ಮಾಡಿದಿರಿ?"

ಟೇಪು ಬಿಚ್ಚಿದ್ದನ್ನು, ವಯರು ಸೇರಿಸಿದ್ದನ್ನು ತಡವರಿಸುತ್ತಾ ಹೇಳಿದೆ.

"ಆ ವಯರು ಕಟ್ಟಿಟ್ಟವ ನಾನೇ" ಎಂದರು ಮಾವ. "ಮಕ್ಕಳು ಏಳುವ ಮೊದಲೇ ನಾನು ಸ್ವಿಚ್ ಹಾಕಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ, ಆಮೇಲೆ ರೆಕಾರ್ಡು ಹಾಕುವುದು. ಒಳಗೆ ನಿಮ್ಮ ಅತ್ತೆ ಆ ಗುಂಯ್ ಕೇಳಿಯೇ ದೋಸೆ ಕಾವಲಿ ಒಲೆಗೆ ಇಡುವುದು. ಹಾಡಿಗೆ ಕಾದರೆ ಕಾವಲಿ ಕಾಯ್ತದಾ? ಒಮ್ಮೆ ರಿಪೇರಿಯವ ಬಂದು ಆ ವಯರು ಹಾಕಿ ಸದ್ದು ನಿಲ್ಲಿಸಿ ಹೋದ. ಮರುದಿನ ದೋಸೆಯೆಲ್ಲ ಅಂಟಿ ಹರಿದುಹೋಯಿತು. ಅವಳು ನನ್ನ ಹತ್ತಿರ ಮಾತೇ ಬಿಟ್ಟಳು. ಮತ್ತೆ ಕಟ್ಟಿಟ್ಟೆ."

ನಾನು ವಯರು ಬಿಚ್ಚಿದೆ. ವಾಶಿಯ ಡಬ್ಬಿ ಮರ್ಯಾದೆಯಿಂದ ಗುಂಯ್ ಎಂದಿತು. ಮಾವ ತಲೆ ಆಡಿಸಿದರು, ಸಾಲದು ಎಂದು. ಅಟ್ಟದಿಂದ ಉಲ್ಹಾಸನಗರದ ಸಾಬೂನು ಪೆಟ್ಟಿಗೆ ಇಳಿಸಿ ಜೋಡಿಸಿದೆ. ಗುಂಯ್ ಅಂತ ಗೋಡೆಯಾಚೆಗೂ ಕೇಳುವ ಹಾಗೆ ಎದ್ದಿತು. ಮಾವ ಕಣ್ಣು ಮುಚ್ಚಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ತನಗೇ ಗೊತ್ತಿಲ್ಲದ ಹಾಗೆ ಕರೆದರು.

"ಕಾವಲಿ ಇಟ್ಟೆಯಾ?"

ಒಳಗೆ ಒಲೆಯ ಮೇಲೆ ಕಾವಲಿ ಇಟ್ಟ ಸದ್ದು ಕೇಳಿತು. ಮತ್ತೆ ಹೆಂಡತಿಯ ಸ್ವರ ಬಂತು. "ಇಟ್ಟೆ ಅಪ್ಪ."

ನಾನು ಸೂಜಿ ಇಳಿಸಲು ಹೋದೆ. "ರೆಕಾರ್ಡು ಇರಲಿ" ಎಂದರು ಮಾವ. "ಇದನ್ನೇ ಸ್ವಲ್ಪ ಹೊತ್ತು ಕೇಳುವ. ಪ್ಲೇಯರು ಇಲ್ಲೇ ಇರಲಿ. ಖಾರ್‌ಘರ್‌ನವರು ಇದನ್ನೆಲ್ಲ ರಿಪೇರಿ ಮಾಡಿಬಿಡ್ತಾರೆ."

ಅಷ್ಟರಲ್ಲಿ ಬೆಲ್ಲು. ಬಾಗಿಲಲ್ಲಿ ಸೆಕ್ರೆಟರಿ, ಕಿವಿಗೆ ಫೋನು, ಪಂಪು ಮತ್ತೆ ಓಡುತ್ತಿದೆ ಎಂದು ಕೆಂಡಾಮಂಡಲ. ನಾನು ಓಡಿ ಬಂದು ಸ್ವಿಚ್ಚಿಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದರು.

"ಆರಿಸಬೇಡಿ" ಎಂದರು. "ಒಳಗೆ ಕರೆದು ಕೂರಿಸಿ. ಮೊದಲ ಗಿರಾಕಿ."